ರೊಕ್ಕ ಹಾಕುವ ಮೊದಲು ಕಾಗದ ಓದೋಣ

ಅಕ್ಕಂದಿರೇ,

ನಾವು ದುಡಿಯುತ್ತೇವೆ. ಕೂಲಿಗೆ ಹೋಗುತ್ತೇವೆ. ರೊಟ್ಟಿ ಬಡಿದು ಮಾರುತ್ತೇವೆ. ಬಟ್ಟೆ ಹೊಲಿಯುತ್ತೇವೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂತು. ಆಗ ನಮ್ಮದೇ ಖಾತೆಗೆ ರೊಕ್ಕ ಬರತೊಡಗಿತು. ಹೊಟ್ಟೆ ಬಟ್ಟೆ ಕಟ್ಟಿ ಅಷ್ಟಿಷ್ಟು ಉಳಿಸುತ್ತೇವೆ. ಉಳಿಸಿದ್ದನ್ನು ಎಲ್ಲಿ ಹಾಕಬೇಕು?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರು ಹುಬ್ಬಳ್ಳಿಯ ಅಂಚಿನಲ್ಲಿ ಒಂದು ಪ್ಲಾಟು ತಗೊಂಡಿದ್ದರು. ಅದಕ್ಕಾಗಿ ಬಂಗಾರ ಮಾರಿದ್ದರು. ಬಾಂಡ್ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದರು. ಓದಲು ಕಲಿತ ಮೇಲೆ ಒಂದು ಸಂಜೆ ಆ ಕಾಗದ ತಂದರು. ಅಕ್ಷರ ಕೂಡಿಸಿ ತಾವೇ ಓದಿದರು.

"ಅಕ್ಕೋರ, ಇದರಾಗ ಖರೀದಿ ಅಂತ ಎಲ್ಲೂ ಇಲ್ಲಲ್ರೀ. ಕರಾರು ಅಂತ ಐತಿ. ಪ್ಲಾಟಿನ ನಂಬರ್ ಸುದ್ದಾ ಇಲ್ಲ" ಎಂದರು.

ನಮಗೆ ಯಾರಿಗೂ ಮಾತೇ ಹೊರಡಲಿಲ್ಲ.

ಹೀಗೇಕೆ ಆಯಿತು? ಅದು ಹೊಲದ ಜಾಗ. 1 ಎಕರೆಗೆ 40 ಗುಂಟೆ. ಕೆಲವರು ಹೊಲವನ್ನು ತುಂಡು ಮಾಡಿ, ಕಲ್ಲು ನೆಟ್ಟು ಮಾರುತ್ತಾರೆ. ಇದಕ್ಕೆ ಜನ ಗುಂಟೆ ಪ್ಲಾಟು ಅನ್ನುತ್ತಾರೆ. ಮನೆ ಕಟ್ಟಬೇಕಾದರೆ ಹೊಲ ಎನ್.ಎ. ಆಗಬೇಕು. ಅಂದರೆ ಬಿನ್‌ಶೇತ್ಕಿ ಆಗಬೇಕು. ಬಡಾವಣೆಯ ನಕಾಶೆಗೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿಗೆ ಕೊಡಬೇಕು. ಇದನ್ನೇ ನಾವು 'ಹುಡಾ' ಅನ್ನುತ್ತೇವೆ. ಒಪ್ಪಿಗೆ ಇಲ್ಲದ ಪ್ಲಾಟು ಅಗ್ಗ. ಆದರೆ ಅಲ್ಲಿ ರಸ್ತೆ, ನೀರು, ಗಟಾರ ಸಿಗುವುದು ಕಷ್ಟ. ಬ್ಯಾಂಕಿನ ಸಾಲ ಸಿಗುವುದೂ ಕಷ್ಟ.

ಊರಲ್ಲಿ ಪ್ಲಾಟು ಕೊಳ್ಳುವ ಮೊದಲು ಇವನ್ನು ಕೇಳಿ:

1. ಎನ್.ಎ. ಆದೇಶ ಎಲ್ಲಿದೆ?

2. ಹುಡಾ ಒಪ್ಪಿದ ನಕಾಶೆಯಲ್ಲಿ ಈ ಪ್ಲಾಟಿನ ನಂಬರ್ ಇದೆಯೇ?

3. ಇ-ಖಾತೆ ಮಾರುವವರ ಹೆಸರಿನಲ್ಲಿ ಇದೆಯೇ?

4. ಜಾಗದ ಮೇಲೆ ಸಾಲ ಇದೆಯೇ? ಋಣಭಾರ ಪತ್ರ ತೆಗೆಸಿ ನೋಡಿ. ಅದಕ್ಕೆ ಇ.ಸಿ. ಅನ್ನುತ್ತಾರೆ.

5. ಖರೀದಿ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗುತ್ತದೆಯೇ? ನೋಂದಣಿ ಆದರೆ ಮಾತ್ರ ಜಾಗ ನಮ್ಮದು. ಬರೀ ಬಾಂಡ್ ಕಾಗದದಿಂದ ಜಾಗ ನಮ್ಮದಾಗುವುದಿಲ್ಲ.

ಜಾಗಕ್ಕೆ ದೊಡ್ಡ ಗಂಟೇ ಬೇಕು. ಮನೆಯಲ್ಲಿ ಯಾರಿಗಾದರೂ ಜಡ್ಡು ಬಂತು ಅಂತ ಪ್ಲಾಟಿನ ಒಂದು ಮೂಲೆ ಮಾರಲು ಬರುವುದಿಲ್ಲ. ಹಾಗಾದರೆ ತಿಂಗಳಿಗೆ 500 ರೂಪಾಯಿ ಉಳಿಸುವವರು ಏನು ಮಾಡಬೇಕು?

ಇಂಡೆಕ್ಸ್ ಫಂಡ್ ಎಂಬ ಒಂದು ದಾರಿ ಇದೆ. ಅದನ್ನು ತಿಳಿಯಲು ಮೊದಲು ಷೇರು ಅಂದರೇನು ನೋಡೋಣ. ಷೇರು ಅಂದರೆ ಕಂಪನಿಯಲ್ಲಿ ಒಂದು ಪಾಲು. ಸುಧಾ ಮೂರ್ತಿ ಅವರು ಇಂಜಿನಿಯರಿಂಗ್ ಓದಿದ್ದು ನಮ್ಮ ಹುಬ್ಬಳ್ಳಿಯಲ್ಲಿ. 1981ರಲ್ಲಿ ಅವರು ತಾವು ಕೂಡಿಟ್ಟ 10,000 ರೂಪಾಯಿಯನ್ನು ಗಂಡನಿಗೆ ಕೊಟ್ಟರು. ಆ ರೊಕ್ಕದ ಆಸರೆಯಿಂದ ಇನ್ಫೋಸಿಸ್ ಶುರುವಾಯಿತು. ಆ ಕಂಪನಿ ಬಹಳ ಬೆಳೆಯಿತು. ಆದರೆ ಎಷ್ಟೋ ಕಂಪನಿಗಳು ಮುಳುಗಿಯೂ ಇವೆ. ಯಾವುದು ಬೆಳೆಯುತ್ತದೆ, ಯಾವುದು ಮುಳುಗುತ್ತದೆ? ಮುಂಚೆಯೇ ಹೇಳುವವರು ಯಾರು?

ನಮ್ಮ ಹಿರಿಯರು ಹೊಲದಲ್ಲಿ ಅಕ್ಕಡಿ ಹಾಕುತ್ತಿದ್ದರು. ಜೋಳದ ನಡುವೆ ತೊಗರಿಯ ಸಾಲು ಬಿಡುತ್ತಿದ್ದರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಇಂಡೆಕ್ಸ್ ಫಂಡ್ ಕೂಡ ಹಾಗೆಯೇ. ನಿಫ್ಟಿ ಅಂದರೆ 50 ದೊಡ್ಡ ಕಂಪನಿಗಳ ಪಟ್ಟಿ. ಇದು 1996ರಲ್ಲಿ ಶುರುವಾಯಿತು. ನಿಫ್ಟಿ ಫಂಡಿಗೆ 500 ರೂಪಾಯಿ ಹಾಕಿದರೆ 50 ಕಂಪನಿಗಳಲ್ಲೂ ನಮಗೆ ಚೂರು ಚೂರು ಪಾಲು ಬರುತ್ತದೆ. ಬೇಕಾದಾಗ ಸ್ವಲ್ಪ ಮಾತ್ರ ಮಾರಿ ರೊಕ್ಕ ತೆಗೆಯಬಹುದು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸೇರಬಹುದು. ಫಂಡುಗಳ ಮೇಲೆ ಕಣ್ಣಿಡಲು 'ಸೆಬಿ' ಎಂಬ ಸಂಸ್ಥೆ ಇದೆ. ಆದರೆ ಲಾಭಕ್ಕೆ ಸೆಬಿ ಹೊಣೆಯಲ್ಲ.

ಏಕೆಂದರೆ ಬೆಲೆ ಇಳಿಯುವುದೂ ಉಂಟು. 2020ರ ಜನವರಿಯಲ್ಲಿ ನಿಫ್ಟಿ 12,000 ದಾಟಿತ್ತು. ಕೊರೊನಾ ಬಂತು. ಮಾರ್ಚ್‌ನಲ್ಲಿ 7,600ರ ಹತ್ತಿರ ಬಿತ್ತು. ಜನವರಿಯಲ್ಲಿ ಹಾಕಿದ 1,000 ರೂಪಾಯಿ ಆಗ 600 ಚಿಲ್ಲರೆ ಆಗಿತ್ತು. ಹೆದರಿ ಮಾರಿದವರು ಕಳಕೊಂಡರು. ತಡೆದವರಿಗೆ ನವೆಂಬರ್ ಹೊತ್ತಿಗೆ ಹಳೆಯ ಬೆಲೆ ಬಂತು. ಪ್ರತಿ ಸಲ ಇಷ್ಟು ಬೇಗ ಏಳುತ್ತದೆ ಅನ್ನಲಾಗದು. ವರ್ಷಗಟ್ಟಲೆ ಕಾಯಬೇಕಾದೀತು.

ಅದಕ್ಕೇ ಮೊದಲು ಜಡ್ಡು ಜಾಪತ್ರೆಗೆ, ಮಕ್ಕಳ ಫೀಗೆ ಬೇಕಾದ ರೊಕ್ಕ ತೆಗೆದಿಡಿ. ಅದು ಬ್ಯಾಂಕಿನಲ್ಲಿ ಇಲ್ಲವೇ ಅಂಚೆ ಕಚೇರಿಯಲ್ಲಿ ಇರಲಿ. ಅಂಚೆಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು. ಮೈಮೇಲಿನ ಸಾಲ ಇದ್ದರೆ ಮೊದಲು ತೀರಿಸಿ. ಏಳೆಂಟು ವರ್ಷ ಮುಟ್ಟದೆ ಬಿಡಬಹುದಾದ ರೊಕ್ಕ ಮಾತ್ರ ಫಂಡಿಗೆ ಹೋಗಲಿ.

"ಎರಡು ವರ್ಷದಾಗ ಡಬಲ್ ಮಾಡಿ ಕೊಡ್ತೀವಿ, ಇವತ್ತೇ ಸಹಿ ಮಾಡ್ರಿ" ಅನ್ನುವವರು ಬಂದರೆ, ಅದು ಪ್ಲಾಟಾಗಲಿ ಫಂಡಾಗಲಿ, "ಕಾಗದ ಕೊಟ್ಟು ಹೋಗ್ರಿ, ಓದಿ ಹೇಳ್ತೀವಿ" ಅನ್ನೋಣ.

ಆ ಅಕ್ಕನ ರೊಕ್ಕ ಇನ್ನೂ ತಿರುಗಿ ಬಂದಿಲ್ಲ. ಆದರೆ ಈಗ ಅವರ ಓಣಿಯ ಹೆಣ್ಣುಮಕ್ಕಳು ಸಹಿ ಮಾಡುವ ಮೊದಲು ಕಾಗದವನ್ನು ಅವರ ಮುಂದೆ ತಂದಿಡುತ್ತಾರೆ. ಅವರು ಒಂದೊಂದೇ ಸಾಲು ಓದಿ ಹೇಳುತ್ತಾರೆ.

ಓದಿ, ಮಾತಾಡೋಣ:

1. ನಿಮ್ಮ ಮನೆಯ ಜಾಗದ ಕಾಗದ ಯಾರ ಹೆಸರಿನಲ್ಲಿದೆ? ಇಂದು ತೆಗೆದು ಓದಿ.

2. ಕರಾರಿಗೂ ಖರೀದಿ ಪತ್ರಕ್ಕೂ ಏನು ಫರಕು?

3. ನಿಮ್ಮ ಯಾವ ರೊಕ್ಕ ಏಳೆಂಟು ವರ್ಷ ಕಾಯಬಲ್ಲದು? ಯಾವುದು ಕಾಯಲಾರದು?