ನೆಲೆ ತಪ್ಪಿದ ಗರ್ಭ: ಸ್ಥಾನಕ್ಕೆ ತಕ್ಕ ಚಿಕಿತ್ಸೆ

ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಆದರೂ ರಕ್ತಸ್ರಾವದ ಮಾತನ್ನು ಸಂಕೋಚದಿಂದ ಮುಚ್ಚಿಡುವ ರೂಢಿ ನಮ್ಮ ಮನೆಗಳಿಂದ ಪೂರ್ಣ ತೊಲಗಿಲ್ಲ. ಅಂತಹ ಮೌನವು ಪ್ರಾಣಕ್ಕೇ ಎರವಾಗಬಹುದಾದ ಒಂದು ಸ್ಥಿತಿಯನ್ನು ನಾವು ಇಲ್ಲಿ ವಿವರಿಸುತ್ತೇವೆ.

ಗರ್ಭವು ಗರ್ಭಕೋಶದ ಒಳಗೋಡೆಯಲ್ಲಿ ನೆಲೆಗೊಳ್ಳಬೇಕು. ನೂರರಲ್ಲಿ ಒಂದೆರಡು ಗರ್ಭಗಳು ಆ ನೆಲೆಯನ್ನು ತಪ್ಪುತ್ತವೆ. ಇವುಗಳಲ್ಲಿ ಶೇ. 90ಕ್ಕೂ ಹೆಚ್ಚು ಅಂಡನಾಳದಲ್ಲಿಯೇ ಬೇರೂರುತ್ತವೆ. ನಾಳವು ಹಿಗ್ಗಲಾರದೆ ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ. ಇಂತಹ ಗರ್ಭವನ್ನು ಗರ್ಭಕೋಶಕ್ಕೆ ಸ್ಥಳಾಂತರಿಸಿ ಉಳಿಸುವ ವಿಧಾನವಿಲ್ಲ. ಆದುದರಿಂದ ತಾಯಿಯ ಪ್ರಾಣವನ್ನೂ ಸಾಧ್ಯವಾದಷ್ಟು ಆಕೆಯ ಸಂತಾನಶಕ್ತಿಯನ್ನೂ ಕಾಪಾಡುವುದೇ ಚಿಕಿತ್ಸೆಯ ಗುರಿ.

ಮುಟ್ಟು ತಪ್ಪಿದ ಬಳಿಕ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ಅಲ್ಪ ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಇವು ಎಚ್ಚರಿಕೆಯ ಲಕ್ಷಣಗಳು. ವೈದ್ಯರು ಯೋನಿಮಾರ್ಗದ ಸ್ಕ್ಯಾನ್‌ನಿಂದಲೂ, ಎಚ್‌ಸಿಜಿ ಎಂಬ ಹಾರ್ಮೋನಿನ ರಕ್ತಪರೀಕ್ಷೆಯಿಂದಲೂ ಗರ್ಭದ ಸ್ಥಾನವನ್ನು ನಿರ್ಣಯಿಸುತ್ತಾರೆ.

ನಾಳವು ಒಡೆಯದೆ, ಗರ್ಭವು ಚಿಕ್ಕದಾಗಿದ್ದು, ಅದರಲ್ಲಿ ಹೃದಯಬಡಿತ ಕಾಣದಿದ್ದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗಬಹುದು. 4ನೆಯ ಮತ್ತು 7ನೆಯ ದಿನಗಳ ರಕ್ತಪರೀಕ್ಷೆಗಳ ನಡುವೆ ಹಾರ್ಮೋನು ಶೇ. 15ರಷ್ಟಾದರೂ ಇಳಿಯಬೇಕು, ಇಲ್ಲವಾದರೆ ಮತ್ತೊಂದು ಚುಚ್ಚುಮದ್ದು ಅಥವಾ ಶಸ್ತ್ರಚಿಕಿತ್ಸೆ ಬೇಕಾದೀತು. ಹಾರ್ಮೋನು ಪೂರ್ಣ ಇಳಿಯುವವರೆಗೆ ಪರೀಕ್ಷೆ ತಪ್ಪಿಸಬಾರದು. ಈ ಅವಧಿಯಲ್ಲಿ ಫೋಲಿಕ್ ಆಮ್ಲದ ಮಾತ್ರೆ ಸಲ್ಲದು; ಮೂರು ತಿಂಗಳು ಮತ್ತೆ ಗರ್ಭ ಧರಿಸಬಾರದು.

ಔಷಧ ಸಲ್ಲದಿದ್ದಾಗ ಉದರದರ್ಶಕದ ಮೂಲಕ ನಾಳವನ್ನು ತೆಗೆಯುತ್ತಾರೆ, ಇಲ್ಲವೆ ನಾಳವನ್ನು ಸೀಳಿ ಗರ್ಭವನ್ನಷ್ಟೇ ತೆಗೆಯುತ್ತಾರೆ. ನಾಳ ಒಡೆದು ರಕ್ತದೊತ್ತಡ ಕುಸಿದಿದ್ದರೆ ರಕ್ತ ನೀಡುತ್ತ, ಹೊಟ್ಟೆ ತೆರೆದು ತುರ್ತು ಶಸ್ತ್ರಚಿಕಿತ್ಸೆ ನಡೆಸಬೇಕಾಗಬಹುದು. 1883ರಲ್ಲಿ ಇಂಗ್ಲೆಂಡಿನ ಲಾಸನ್ ಟೇಟ್ ಈ ಶಸ್ತ್ರಚಿಕಿತ್ಸೆಯಿಂದ ತಾಯಿಯನ್ನು ಉಳಿಸಿ ಮೇಲ್ಪಂಕ್ತಿ ಹಾಕಿದರು.

ಅಪರೂಪದ ಸ್ಥಾನಗಳಿಗೆ ಕ್ರಮವೇ ಬೇರೆ. ಗರ್ಭಕೋಶದ ಕೊರಳಿನಲ್ಲಿ ನೆಲೆಸಿದ್ದರೆ ಕೆರೆದು ತೆಗೆಯುವುದರಿಂದ ಭಾರಿ ರಕ್ತಸ್ರಾವವಾಗಬಹುದಾದ್ದರಿಂದ ಸಾಮಾನ್ಯವಾಗಿ ಔಷಧಕ್ಕೆ ಆದ್ಯತೆ. ಸಿಸೇರಿಯನ್ ಗಾಯದ ಕಲೆಯಲ್ಲಿದ್ದರೆ ಸ್ಕ್ಯಾನ್ ನೋಡುತ್ತ ಹೀರಿ ತೆಗೆಯುವುದು, ಅಥವಾ ಆ ಭಾಗವನ್ನು ಕತ್ತರಿಸಿ ಹೊಲಿಯುವುದು ಉಂಟು. ಅಂಡಾಶಯದಲ್ಲಿದ್ದರೆ ಅಂಡಾಶಯವನ್ನು ಉಳಿಸಿ ಗರ್ಭವನ್ನಷ್ಟೇ ತೆಗೆಯಲು ಯತ್ನಿಸುತ್ತಾರೆ. ಹೊಟ್ಟೆಯಲ್ಲಿ ಬೆಳೆದು ಮಾಸು ಕರುಳಿಗೋ ದೊಡ್ಡ ರಕ್ತನಾಳಕ್ಕೋ ಅಂಟಿದ್ದರೆ, ಮಾಸನ್ನು ಅಲ್ಲಿಯೇ ಬಿಡುವುದೂ ಉಂಟು.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಒಂದು ನಾಳ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ತಾಯ್ತನದ ಬಾಗಿಲು ಮುಚ್ಚುವುದಿಲ್ಲ. ಮುಂದಿನ ಗರ್ಭಕ್ಕೆ ಆರಂಭದಲ್ಲಿಯೇ ಸ್ಕ್ಯಾನ್ ಅವಶ್ಯ.

ಮನೆಯವರಲ್ಲಿ ನಮ್ಮ ವಿನಂತಿಯಿಷ್ಟೆ: ಸೊಸೆಯಾಗಲಿ ಮಗಳಾಗಲಿ ನೋವು ಹೇಳಿಕೊಂಡಾಗ ನಾಳೆ ನೋಡೋಣ ಎನ್ನದಿರಿ, ತಲೆಸುತ್ತಿ ಬಿದ್ದರೆ ಒಡನೆಯೇ 108ಕ್ಕೆ ಕರೆಮಾಡಿ. ಗರ್ಭ ನೆಲೆ ತಪ್ಪಿದ್ದು ಆಕೆಯ ದೋಷವಲ್ಲ. ಇಂತಹ ತಾಯಿಗೆ ಬೇಕಾಗುವ ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಆರೋಗ್ಯವಂತರು ರಕ್ತದಾನ ಮಾಡುವುದು ಶ್ರೇಷ್ಠ ದಾಸೋಹವೆಂದು ನಾವು ಭಾವಿಸುತ್ತೇವೆ.