ಪ್ರಾಣಿಗಳಿಗೆ ಭೂಕಂಪ ಮೊದಲೇ ತಿಳಿಯುತ್ತದೆಯೇ?

ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟರೆ ಮಳೆ ಬರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಭೂಕಂಪದ ವಿಷಯದಲ್ಲೂ ಇಂಥ ಮಾತುಗಳಿವೆ. ನೆಲ ನಡುಗುವ ಮುನ್ನ ನಾಯಿಗಳು ಊಳಿಡುತ್ತವೆ, ದನಗಳು ಹಗ್ಗ ಜಗ್ಗುತ್ತವೆ, ಹಾವು ಇಲಿಗಳು ಬಿಲ ಬಿಟ್ಟು ಹೊರಬರುತ್ತವೆ ಎನ್ನುತ್ತಾರೆ. ಈ ನಂಬಿಕೆ ಬಹಳ ಹಳೆಯದು. ಕ್ರಿ.ಪೂ. 373ರಲ್ಲಿ ಗ್ರೀಸಿನ ಹೆಲಿಕೆ ನಗರ ಭೂಕಂಪಕ್ಕೆ ಸಿಕ್ಕಿ ನೀರುಪಾಲಾಯಿತು. ಅದಕ್ಕೆ ಐದು ದಿನ ಮೊದಲೇ ಇಲಿ, ಹಾವುಗಳು ಊರು ತೊರೆದವೆಂದು ಈಲಿಯನ್ ಎಂಬ ಲೇಖಕ ಶತಮಾನಗಳ ನಂತರ ಬರೆದಿಟ್ಟಿದ್ದಾನೆ. ಇದರಲ್ಲಿ ನಿಜವೆಷ್ಟು?

ಮೊದಲು, ವಿಜ್ಞಾನ ಒಪ್ಪುವ ಭಾಗವನ್ನು ನೋಡೋಣ. ಭೂಮಿಯೊಳಗೆ ಶಿಲಾಪದರ ಬಿರಿದಾಗ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಸಾಗುವ ಪ್ರಾಥಮಿಕ ಅಲೆ. ಇದು ದುರ್ಬಲ, ಅನೇಕ ವೇಳೆ ನಮ್ಮ ಗಮನಕ್ಕೇ ಬಾರದು. ಅದರ ಹಿಂದೆ, ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಬರುವ ಎರಡನೆಯ ಅಲೆ ಮನೆಗಳನ್ನು ಅಲುಗಾಡಿಸುತ್ತದೆ. ಭೂಕಂಪದ ಕೇಂದ್ರದಿಂದ ನೀವು 60 ಕಿಲೋಮೀಟರ್ ದೂರದಲ್ಲಿದ್ದರೆ ಇವೆರಡರ ನಡುವೆ ಸುಮಾರು ಏಳು ಸೆಕೆಂಡುಗಳ ಅಂತರವಿರುತ್ತದೆ. ಸೂಕ್ಷ್ಮ ಇಂದ್ರಿಯಗಳುಳ್ಳ ಪ್ರಾಣಿಗಳು ಮೊದಲ ಅಲೆಗೇ ಬೆಚ್ಚುತ್ತವೆ. ನಾಯಿ ನಿಮಗಿಂತ ಮೊದಲು ಎದ್ದು ಬೊಗಳಿದರೆ ಅದರಲ್ಲಿ ಪವಾಡವೇನೂ ಇಲ್ಲ.

ಆದರೆ ದಿನಗಟ್ಟಲೆ ಮುಂಚೆ ತಿಳಿಯುತ್ತದೆಯೇ? ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಚೀನಾದ ಹೈಚೆಂಗ್. ಅಲ್ಲಿ 1974ರ ಕೊನೆಯಲ್ಲಿ, ಕೊರೆಯುವ ಚಳಿಯಲ್ಲಿ, ಹಾವುಗಳು ಶಿಶಿರನಿದ್ರೆ ಬಿಟ್ಟು ಹೊರಬಂದು ಹಿಮದಲ್ಲಿ ಸತ್ತವು. 1975ರ ಫೆಬ್ರುವರಿ 4ರಂದು ಹಲವೆಡೆ ಜನರನ್ನು ಮನೆಗಳಿಂದ ಹೊರಗೆ ಕಳುಹಿಸಲಾಯಿತು. ಅದೇ ಸಂಜೆ 7.3 ಪ್ರಮಾಣದ ಭೂಕಂಪವಾಯಿತು. ಸುಮಾರು 2,000 ಮಂದಿ ಸತ್ತರಾದರೂ ಅಸಂಖ್ಯ ಜೀವಗಳು ಉಳಿದವು. ಇಲ್ಲೊಂದು ಅಂಶವನ್ನು ಮರೆಯಬಾರದು. ಹಿಂದಿನ ದಿನಗಳಲ್ಲಿ ಅಲ್ಲಿ ನೂರಾರು ಸಣ್ಣ ಕಂಪನಗಳು ದಾಖಲಾಗಿದ್ದವು. ಅಧಿಕಾರಿಗಳನ್ನು ಎಚ್ಚರಿಸಿದ್ದು ಮುಖ್ಯವಾಗಿ ಈ ಮುನ್‌ಕಂಪನಗಳು.

ಮರುವರ್ಷವೇ, 1976ರ ಜುಲೈ 28ರ ನಸುಕಿನಲ್ಲಿ, ಅದೇ ಚೀನಾದ ತಾಂಗ್‌ಶಾನ್ ನಗರ ನೆಲಸಮವಾಯಿತು. ಅಲ್ಲಿ ಅಂಥ ಮುನ್‌ಕಂಪನಗಳಿರಲಿಲ್ಲ. ಎಚ್ಚರಿಕೆಯೂ ಹೊರಡಲಿಲ್ಲ. ಅಧಿಕೃತ ಲೆಕ್ಕದಂತೆ ಸತ್ತವರು 2,42,000ಕ್ಕೂ ಹೆಚ್ಚು. ಪ್ರಾಣಿಗಳು ವಿಚಿತ್ರವಾಗಿ ವರ್ತಿಸಿದ ಕಥೆಗಳು ಅಲ್ಲೂ ಬಂದವು, ಆದರೆ ಬಹುಪಾಲು ಅನಾಹುತ ಮುಗಿದ ಮೇಲೆ.

ತೊಡಕಿರುವುದು ಇಲ್ಲೇ. ನಾಯಿ ನೂರು ಸಲ ಕಾರಣವಿಲ್ಲದೆ ಊಳಿಟ್ಟದ್ದನ್ನು ನಾವು ನೆನಪಿಡುವುದಿಲ್ಲ. ಭೂಕಂಪದ ಹಿಂದಿನ ರಾತ್ರಿ ಊಳಿಟ್ಟದ್ದನ್ನು ಮರೆಯುವುದಿಲ್ಲ. ಜರ್ಮನಿಯ ವಿಜ್ಞಾನಿಗಳು ಇಂಥ 700ಕ್ಕೂ ಹೆಚ್ಚು ವರದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನವು ಬಿಡಿ ಘಟನೆಗಳೆಂದೂ ದೀರ್ಘಕಾಲದ ದಾಖಲೆಗಳು ತೀರ ವಿರಳವೆಂದೂ ಕಂಡುಬಂತು. ಹಾಗೆಂದು ವಿಷಯವನ್ನು ತಳ್ಳಿಹಾಕುವಂತೆಯೂ ಇಲ್ಲ. ಇಟಲಿಯಲ್ಲಿ 2009ರ ಏಪ್ರಿಲ್ 6ರ ಲಾಕ್ವಿಲಾ ಭೂಕಂಪಕ್ಕೆ ಐದು ದಿನ ಮೊದಲು, 74 ಕಿಲೋಮೀಟರ್ ದೂರದ ಕೆರೆಯೊಂದರಲ್ಲಿ ಸಂತಾನಕ್ಕಾಗಿ ಸೇರಿದ್ದ ಗಂಡು ನೆಲಗಪ್ಪೆಗಳಲ್ಲಿ ಶೇಕಡಾ 96ರಷ್ಟು ಮಾಯವಾದವು. ಬೇರೊಂದು ಉದ್ದೇಶಕ್ಕೆ ದಿನವೂ ಅವುಗಳನ್ನು ಎಣಿಸುತ್ತಿದ್ದುದರಿಂದಲೇ ಇದು ದಾಖಲಾಯಿತು. ಆದರೂ ಒಂದು ಕೆರೆಯ ಸಾಕ್ಷ್ಯದಿಂದ ನಿಯಮ ಹುಟ್ಟದು.

ಹಾಗಾದರೆ ನಾವು ನೆಚ್ಚಬೇಕಾದುದು ಯಾವುದನ್ನು? ನಮ್ಮ ರಾಜ್ಯದ ಗಡಿಗೆ ಹತ್ತಿರದ ಕಿಲ್ಲಾರಿಯನ್ನು ನೆನೆಯಿರಿ. 1993ರ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಸಾವಿರಾರು ಜನರ ಪ್ರಾಣ ತೆಗೆದದ್ದು ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಭಾರವಾದ ಮಣ್ಣಿನ ಮಾಳಿಗೆಗಳು. ಅಂಥ ಮನೆಯಲ್ಲಿ ನಾಯಿ ಬೊಗಳಿ ಕೊಡುವ ಕೆಲವು ಸೆಕೆಂಡುಗಳು ಸಾಲುವುದಿಲ್ಲ.

ಆದ್ದರಿಂದ ಕಲ್ಲಿನ ಮನೆ ಕಟ್ಟುವಾಗ ಗೋಡೆಯ ಒಳಮುಖ ಹೊರಮುಖಗಳನ್ನು ಬೆಸೆಯುವ ಉದ್ದ ಕಲ್ಲುಗಳನ್ನು ಹಾಕಿಸಿ. ಬಾಗಿಲ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವರಿಯುವ ಕಾಂಕ್ರೀಟ್ ಪಟ್ಟಿ ಇರಲಿ. ಮಾಳಿಗೆಯ ಮೇಲೆ ವರ್ಷವರ್ಷವೂ ಮಣ್ಣು ಪೇರಿಸಬೇಡಿ. ನಿಮ್ಮ ಹಟ್ಟಿಯ ದನ ಬೆದರಿದರೆ ಏಕೆಂದು ಎದ್ದು ನೋಡಿ, ತಪ್ಪಿಲ್ಲ. ಆದರೆ ಮನೆಮಂದಿಯನ್ನು ಉಳಿಸುವುದು ಗಟ್ಟಿ ಗೋಡೆ, ಹಗುರ ಸೂರು.