ಫಾಸ್ಟ್ಯಾಗ್ ವಾರ್ಷಿಕ ಪಾಸ್ ಕೊಳ್ಳೋದಾ, ಬೇಡ್ವಾ? ಹಿರಿಯೂರಿನವರು ದುಡ್ಡು ಕಟ್ಟುವ ಮುಂಚೆ ಈ ಲೆಕ್ಕ ನೋಡಿ

ಹಿರಿಯೂರು: ಕಾರು ಇರುವ ಮನೆಗಳಲ್ಲಿ, ಅಂಗಡಿ ಕಟ್ಟೆಗಳಲ್ಲಿ ಈಗ ಒಂದೇ ಪ್ರಶ್ನೆ. ‘ಆ ವರ್ಷದ ಪಾಸ್ ಹಾಕಿಸ್ಕೊಂಡ್ರಾ?’ ಪಕ್ಕದ ಮನೆಯವರು ಹಾಕಿಸಿದ್ದಾರೆ ಅಂತ ನಾವೂ ಹಾಕಿಸಿಬಿಟ್ಟರೆ ಕೆಲವರಿಗೆ ಸಾವಿರಾರು ರೂಪಾಯಿ ಉಳಿಯುತ್ತದೆ, ಕೆಲವರಿಗೆ ಕೈಯಿಂದಲೇ ಹೋಗುತ್ತದೆ. ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನೋದು ವರ್ಷಕ್ಕೆ ಎಷ್ಟು ಸಲ ಟೋಲ್ ದಾಟುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಏನಿದು ಪಾಸ್?

ಕೇಂದ್ರ ಸರ್ಕಾರ 2025ರ ಆಗಸ್ಟ್ 15ರಂದು ಈ ಪಾಸ್ ಜಾರಿಗೆ ತಂದಿತು. ಶುರುವಾದಾಗ ದರ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ಪಾಸ್ ಮುಗಿಯಿತು. ದರ ಪರಿಷ್ಕರಣೆ ಆಗುವುದರಿಂದ ಕೊಳ್ಳುವ ದಿನ ಆ್ಯಪ್‌ನಲ್ಲಿ ಎಷ್ಟು ತೋರಿಸುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿನ ಲೆಕ್ಕ 3,000ದ ಮೇಲೆ ಹಾಕಿದ್ದು.

‘ಟ್ರಿಪ್’ ಅನ್ನುವ ಪದದಲ್ಲೇ ಬಹಳ ಜನ ಎಡವುತ್ತಾರೆ. ಊರಿಂದ ಹೋಗಿ ಬಂದರೆ ಒಂದು ಟ್ರಿಪ್ ಅಲ್ಲ. ನಮ್ಮ ಕಡೆಯ ಟೋಲ್‌ಗಳಲ್ಲಿ ಒಂದು ಪ್ಲಾಜಾವನ್ನು ಒಂದು ಸಲ ದಾಟಿದರೆ ಒಂದು ಟ್ರಿಪ್. ಹಿರಿಯೂರಿನಿಂದ ದಾವಣಗೆರೆಗೆ ಹೋದರೆ ಗುಯಿಲಾಳು, ಹೆಬ್ಬಾಳು ಎರಡೂ ಟೋಲ್ ಸಿಗುತ್ತವೆ. ಹೋಗಿ ಬಂದರೆ ನಾಲ್ಕು ಟ್ರಿಪ್ ಖಾಲಿ.

ಯಾರಿಗೆ ಸಿಗಲ್ಲ?

ಕಾರು, ಜೀಪು, ವ್ಯಾನ್, ಅದೂ ಸ್ವಂತ ಬಳಕೆಯ ಬಿಳಿ ಬೋರ್ಡ್ ವಾಹನಗಳಿಗೆ ಮಾತ್ರ. ಹಳದಿ ಬೋರ್ಡ್ ಟ್ಯಾಕ್ಸಿ, ಸಾಮಾನು ತರುವ ಟಾಟಾ ಏಸ್, ಪಿಕಪ್‌ಗಳಿಗೆ ಇಲ್ಲ. ‘ಬಾಡಿಗೆಗೆ ಓಡಿಸಲ್ಲ, ನಮ್ಮ ಅಂಗಡಿ ಮಾಲಿಗೆ ಮಾತ್ರ’ ಅಂದರೂ ನಡೆಯಲ್ಲ. ವಾಹನ್ ದಾಖಲೆಯಲ್ಲಿ ವಾಣಿಜ್ಯ ವಾಹನ ಅಂತ ಇದ್ದರೆ ಮುಗಿಯಿತು. ಹೇಗೋ ಹಾಕಿಸಿಕೊಂಡರೂ ಮುನ್ಸೂಚನೆ ಇಲ್ಲದೆ ರದ್ದಾಗುತ್ತದೆ.

ಹಾಗಂತ ಗೂಡ್ಸ್ ಗಾಡಿ ಇಟ್ಟುಕೊಂಡಿರುವ ಅಂಗಡಿಯವರಿಗೆ ಏನೂ ಇಲ್ಲ ಅಂತಲ್ಲ. ಟೋಲ್ ದರದ ಬೋರ್ಡ್‌ನಲ್ಲಿ ಅದೇ ಜಿಲ್ಲೆಯಲ್ಲಿ ನೋಂದಣಿಯಾದ ವಾಣಿಜ್ಯ ವಾಹನಗಳಿಗೆ ಬೇರೆ ಕಾಲಂ ಇರುತ್ತದೆ. ನ್ಯಾಷನಲ್ ಪರ್ಮಿಟ್ ಇಲ್ಲದ ಗಾಡಿಗಳಿಗೆ ಅದು ಕಡಿಮೆ ದರ. ಕೆಎ-16 ಗಾಡಿ ಇರುವವರು ಆರ್‌ಸಿ ಹಿಡಿದು ಪ್ಲಾಜಾ ಕಚೇರಿಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೇದು. ಒಂದೇ ಪ್ಲಾಜಾವನ್ನು ತಿಂಗಳಿಗೆ 50 ಸಲ ದಾಟುವವರಿಗೆ ಮೂರರಲ್ಲಿ ಎರಡು ಪಾಲು ದರದ ಮಾಸಿಕ ಪಾಸ್ ಕೂಡ ನಿಯಮದಲ್ಲಿದೆ.

ನಿಜವಾದ ಲೆಕ್ಕ ಇಲ್ಲಿದೆ

‘3,000 ಭಾಗಿಸು 200, ಟ್ರಿಪ್‌ಗೆ ಬರೀ 15 ರೂಪಾಯಿ’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಸುಳ್ಳಲ್ಲ. ಆದರೆ 200 ಟ್ರಿಪ್‌ಗಳನ್ನೂ ಬಳಸಿದವರಿಗೆ ಮಾತ್ರ ಅದು 15 ರೂಪಾಯಿ. ವರ್ಷಕ್ಕೆ 20 ಸಲ ದಾಟಿದವರಿಗೆ ಒಂದೊಂದು ಸಲಕ್ಕೆ 150 ಬಿತ್ತು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. 24 ಗಂಟೆಯೊಳಗೆ ವಾಪಸ್ ಬಂದರೆ ಈಗಲೂ ಎರಡು ಸಲದ ಪೂರ್ತಿ ಟೋಲ್ ಕಟ್ಟಬೇಕಿಲ್ಲ, ಹೋಗಿ ಬರಲು ಸೇರಿ ಒಂದೂವರೆ ಪಟ್ಟು ಮಾತ್ರ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಪಾಸ್ ಇರುವುದಕ್ಕಿಂತ ಲಾಭದ್ದಾಗಿ ಕಾಣುತ್ತದೆ.

ಲೆಕ್ಕಕ್ಕೆ ಅಂತ ಒಂದು ಪ್ಲಾಜಾದಲ್ಲಿ ಒಂದು ಸಲಕ್ಕೆ 80 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅದೇ ದಿನ ಹೋಗಿ ಬಂದರೆ 120. ದಾವಣಗೆರೆಗೆ ಎರಡು ಪ್ಲಾಜಾ, ಅಂದರೆ ಹೋಗಿ ಬರಲು 240.

ತಿಂಗಳಿಗೊಮ್ಮೆ ಆಸ್ಪತ್ರೆಗೋ ನೆಂಟರ ಮನೆಗೋ ದಾವಣಗೆರೆಗೆ ಹೋಗಿ ಅದೇ ದಿನ ಬರುವವರು: 12 ಸಲಕ್ಕೆ 2,880 ರೂಪಾಯಿ. ಪಾಸ್ 3,000. ಅಂದರೆ 120 ರೂಪಾಯಿ ನಷ್ಟ. ರಿಯಾಯಿತಿ ಮರೆತು ಲೆಕ್ಕ ಹಾಕಿದರೆ 3,840 ಅಂತ ಬಂದು, 840 ಉಳಿಯಿತು ಅನ್ನಿಸಿಬಿಡುತ್ತದೆ. 13ನೇ ಸಲ ಹೋದರೆ ಮಾತ್ರ ಪಾಸ್ ಗಿಟ್ಟುತ್ತದೆ.

ವಾರಕ್ಕೊಮ್ಮೆ ಬಟ್ಟೆ ಮಾಲಿಗೆ ಸ್ವಂತ ಕಾರಿನಲ್ಲಿ ದಾವಣಗೆರೆಗೆ ಹೋಗುವ ಅಂಗಡಿಯವರು: ವಾರಕ್ಕೆ ನಾಲ್ಕು ಟ್ರಿಪ್, 50 ವಾರಕ್ಕೆ 200 ಟ್ರಿಪ್ ಸರಿಯಾಗಿ ಮುಗಿಯುತ್ತದೆ. ಪಾಸ್ ಇಲ್ಲದಿದ್ದರೆ ಇದಕ್ಕೆ 12,000 ರೂಪಾಯಿ. ಉಳಿತಾಯ 9,000. ಇಂಥವರು ಯೋಚನೆ ಮಾಡುವುದೇ ಬೇಡ.

ದಿನಾ ಗುಯಿಲಾಳು ಟೋಲ್ ದಾಟಿ ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋಗುವವರು: ದಿನಕ್ಕೆ ಎರಡು ಟ್ರಿಪ್. ನೂರು ದಿನಕ್ಕೆ ಪಾಸ್ ಖಾಲಿ, ವರ್ಷಕ್ಕೆ ಮೂರು ಪಾಸ್ ಆದರೂ ಬೇಕು. ಇಂಥವರ ಮನೆ ಪ್ಲಾಜಾದಿಂದ 20 ಕಿ.ಮೀ. ಒಳಗಿದ್ದರೆ ಸ್ಥಳೀಯರ ಮಾಸಿಕ ಪಾಸ್ ವಾಸಿ. 2025-26ರಲ್ಲಿ ಅದರ ದರ ತಿಂಗಳಿಗೆ 350 ರೂಪಾಯಿ, ವರ್ಷಕ್ಕೆ 4,200. ಎಷ್ಟು ಸಲ ಬೇಕಾದರೂ ದಾಟಬಹುದು, ಆದರೆ ಅದೊಂದೇ ಪ್ಲಾಜಾದಲ್ಲಿ.

ದೂರ ಹೋಗಿ ಎರಡು ಮೂರು ದಿನ ಉಳಿದು ಬರುವವರಿಗೆ ಲೆಕ್ಕ ಬೇರೆ. ಅವರಿಗೆ 24 ಗಂಟೆಯ ರಿಯಾಯಿತಿ ಸಿಗಲ್ಲ, ಎರಡೂ ಕಡೆ ಪೂರ್ತಿ ಟೋಲ್. ಆದ್ದರಿಂದ ಪಾಸ್‌ನ ದುಡ್ಡು ಬೇಗ ವಾಪಸ್ ಬರುತ್ತದೆ.

ಎಲ್ಲ ಟೋಲ್‌ಗೂ ನಡೆಯಲ್ಲ

ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿ ಟೋಲ್, ಬೆಂಗಳೂರಿನ ನೈಸ್ ರಸ್ತೆ, ಪಾರ್ಕಿಂಗ್, ಇವಕ್ಕೆಲ್ಲ ಮಾಮೂಲಿಯಂತೆ ಫಾಸ್ಟ್ಯಾಗ್ ಬ್ಯಾಲೆನ್ಸ್‌ನಿಂದಲೇ ದುಡ್ಡು ಕಟ್ ಆಗುತ್ತದೆ. ಪಾಸ್ ಇದೆ ಅಂತ ವ್ಯಾಲೆಟ್ ಖಾಲಿ ಬಿಟ್ಟರೆ ದಾರಿಯಲ್ಲಿ ಪೇಚಾಟ.

ಹಾಕಿಸುವ ಮುಂಚೆ

ಮೊದಲು ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಿಗೆ ಕಟ್ ಆದ ಮೊತ್ತವನ್ನಷ್ಟೇ ಕೂಡಿಸಿ. ಪಾಸ್ ದರಕ್ಕಿಂತ ಸಾಕಷ್ಟು ಜಾಸ್ತಿ ಇದ್ದರೆ ಹಾಕಿಸಿ. ಅದರ ಆಸುಪಾಸಿನಲ್ಲಿದ್ದರೆ ಈ ವರ್ಷ ಓಡಾಟ ಹೆಚ್ಚುತ್ತಾ ಅಂತ ಯೋಚಿಸಿ. ಕಡಿಮೆ ಇದ್ದರೆ ಬಿಟ್ಟುಬಿಡಿ. ಪಾಸ್ ಕಡ್ಡಾಯ ಅಲ್ಲ.

ಹೊಸ ಟ್ಯಾಗ್ ಬೇಕಿಲ್ಲ, ಈಗಿರುವುದೇ ಸಾಕು. ಆದರೆ ಅದು ಗಾಜಿಗೆ ಸರಿಯಾಗಿ ಅಂಟಿರಬೇಕು, ಬ್ಲ್ಯಾಕ್‌ಲಿಸ್ಟ್ ಆಗಿರಬಾರದು. ಹೊಸ ಕಾರು ತಂದಾಗ ಬರೀ ಚಾಸಿ ನಂಬರ್ ಮೇಲೆ ಟ್ಯಾಗ್ ಮಾಡಿಸಿದ್ದರೆ ಗಾಡಿ ನಂಬರ್ ಅಪ್‌ಡೇಟ್ ಮಾಡಿಸಿಯೇ ಮುಂದುವರಿಯಬೇಕು. ವ್ಯಾಲೆಟ್‌ನಲ್ಲಿರುವ ದುಡ್ಡಿನಿಂದ ಪಾಸ್ ಕೊಳ್ಳಲು ಬರಲ್ಲ, ಬೇರೆಯಾಗಿ ಕಟ್ಟಬೇಕು. ಒಮ್ಮೆ ಕಟ್ಟಿದರೆ ವಾಪಸ್ ಇಲ್ಲ, ಇನ್ನೊಂದು ಕಾರಿಗೆ ವರ್ಗಾಯಿಸಲೂ ಆಗಲ್ಲ. ಈ ವರ್ಷ ಕಾರು ಮಾರುವ ಯೋಚನೆ ಇದ್ದವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಪಾಸ್ ಸಿಗುವುದು ‘ರಾಜಮಾರ್ಗಯಾತ್ರಾ’ ಆ್ಯಪ್ ಮತ್ತು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ. ‘ಅರ್ಧ ರೇಟಿಗೆ ಪಾಸ್’ ಅಂತ ವಾಟ್ಸ್‌ಆ್ಯಪ್‌ಗೆ ಬರುವ ಲಿಂಕ್ ಒತ್ತಬೇಡಿ, ಓಟಿಪಿ ಯಾರಿಗೂ ಹೇಳಬೇಡಿ. ಫೋನ್‌ನಲ್ಲಿ ಮಾಡಲು ಬಾರದ ಹಿರಿಯರಿದ್ದರೆ ಮನೆಯ ಹುಡುಗರೇ ಪಕ್ಕದಲ್ಲಿ ಕೂತು ಮಾಡಿಕೊಡುವುದು ಕ್ಷೇಮ.